ಭಾನುವಾರ ಮಾಡಿಟ್ಟು ವಾರವಿಡೀ ಉಣ್ಣಿ: ಹಾಲು, ಮೊಸರು, ತುಪ್ಪ ಬೇಡದ ದಿಢೀರ್ ಊಟಕ್ಕೆ ಸಮಗ್ರ ಮಾರ್ಗದರ್ಶಿ

ಪುಳಿಯೋಗರೆ ಗೊಜ್ಜಿಗೆ ಎರಡೇ ವಾರಕ್ಕೆ ಬೂಸ್ಟು. ಉಪ್ಪಿಟ್ಟಿನ ಮಿಕ್ಸ್ ಡಬ್ಬಿ ತೆಗೆದರೆ ಮುಗ್ಗಲು ವಾಸನೆ. ಗೊಜ್ಜವಲಕ್ಕಿಗೆಂದು ನೆನೆಹಾಕಿದ್ದು ಅಂಟು ಮುದ್ದೆ. ಹಾಲಿನ ಪದಾರ್ಥ ಬಿಟ್ಟು ವೀಗನ್ ಆದ ಮೇಲೆ, ಕೆಲಸದ ದಿನಗಳಿಗೆ ಮೊದಲೇ ಅಡುಗೆ ಮಾಡಿಟ್ಟುಕೊಳ್ಳೋಣ ಎಂದು ಹೊರಟ ನನ್ನ ಪರಿಚಯದವರು ಎಡವುವುದು ಈ ಮೂರು ಕಡೆಯೇ. ನಾನೂ ಎಡವಿದ್ದೇನೆ. ಅಳತೆ ತಪ್ಪಿ ಹಾಳಾಗಿದ್ದು ಕಡಿಮೆ. ಜಾಸ್ತಿ ತಪ್ಪಿದ್ದು ಕೆಲಸದ ಕ್ರಮ. ಯಾವುದನ್ನು ಮೊದಲು ಹುರಿಯಬೇಕು, ಎಷ್ಟು ಹೊತ್ತು ಆರಲು ಬಿಡಬೇಕು, ಮುಚ್ಚಳ ಯಾವಾಗ ಹಾಕಬೇಕು ಎಂಬುದರಲ್ಲೇ ಎಲ್ಲ ಇದೆ.

ಇಲ್ಲಿ ಮಾಡಿಡುವುದು ನಾಲ್ಕು ಬಗೆ: ಉಪ್ಪಿಟ್ಟಿನ ಮಿಕ್ಸ್, ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿಗೆ ತರಿ, ಫ್ರೀಜರ್‌ಗೆ ಹುಳಿ ಮತ್ತು ಬೇಯಿಸಿದ ಕಾಳು. ಇಬ್ಬರಿಗೆ ಒಂದು ವಾರ ಧಾರಾಳವಾಗಿ ಆಗುತ್ತದೆ, ಗೊಜ್ಜು ಮಾತ್ರ ತಿಂಗಳಿಗೂ ಉಳಿಯುತ್ತದೆ. ಭಾನುವಾರ ಸುಮಾರು ಮೂರು ಗಂಟೆ ಕೊಡಿ, ಗೊಜ್ಜು ಆರುವ ಹೊತ್ತು ಬೇರೆ.

ಶುರು ಮಾಡುವ ಮುನ್ನ: ಪಾತ್ರೆ ಮತ್ತು ಡಬ್ಬಿ

ದಪ್ಪ ತಳದ ಬಾಣಲೆ ಒಂದು ಬೇಕು. ತೆಳು ಬಾಣಲೆಯಲ್ಲಿ ರವೆ ತಳದಲ್ಲಿ ಸೀದು, ಮೇಲೆ ಹಸಿಯಾಗಿಯೇ ಉಳಿಯುತ್ತದೆ. ಹುಣಸೆಹಣ್ಣಿಗೆ ಸ್ಟೀಲ್ ಪಾತ್ರೆ ಒಳ್ಳೆಯದು, ಕಲ್ಲುಮರಿಗೆ ಇದ್ದರೆ ಇನ್ನೂ ಒಳ್ಳೆಯದು. ಅಲ್ಯೂಮಿನಿಯಂ ಪಾತ್ರೆ ಮತ್ತು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ. ಹುಳಿ ಅವನ್ನು ತಿನ್ನುತ್ತದೆ, ಗೊಜ್ಜಿಗೆ ಲೋಹದ ರುಚಿ ಬರುತ್ತದೆ.

ಆರಲು ಹಾಕುವುದಕ್ಕೆ ಅಗಲವಾದ ಎರಡು ಮೂರು ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಹಳೆಯ ನ್ಯೂಸ್‌ಪೇಪರ್ ಮೇಲೆ ಹರಡಬೇಡಿ, ಮಸಿ ಆಹಾರಕ್ಕೆ ಹತ್ತುತ್ತದೆ. ಒಂದು ಜರಡಿ, ಮಿಕ್ಸಿ, ಕುಕ್ಕರ್, ಗಾಜಿನ ಬಾಟಲಿ ಎರಡು, ಗಾಳಿಯಾಡದ ಸ್ಟೀಲ್ ಡಬ್ಬಿ ಎರಡು, ಫ್ರೀಜರ್‌ಗೆ ಸಣ್ಣ ಡಬ್ಬಿ ಆರು. ಹೆಸರು, ತಾರೀಖು ಬರೆಯಲು ಟೇಪ್ ಮತ್ತು ಪೆನ್ನು. ಇದನ್ನು ಎಲ್ಲರೂ ಬಿಡುತ್ತಾರೆ, ಆಮೇಲೆ ಫ್ರೀಜರ್‌ನಲ್ಲಿ ಇರುವ ಹಳದಿ ಗಡ್ಡೆ ಯಾವ ತಿಂಗಳದ್ದು ಅಂತ ಯೋಚಿಸುತ್ತಾ ನಿಲ್ಲುತ್ತಾರೆ.

ಅಳತೆಗೆ ಮನೆಯಲ್ಲಿರುವ ಒಂದೇ ಲೋಟವನ್ನು ಕೊನೆಯವರೆಗೂ ಬಳಸಿ. ಲೋಟ ಸಣ್ಣದೋ ದೊಡ್ಡದೋ ಅನ್ನುವುದು ಇಲ್ಲಿ ಮುಖ್ಯ ಅಲ್ಲ.

ಹಂತ 1: ಶನಿವಾರ ರಾತ್ರಿಯ ಹತ್ತು ನಿಮಿಷ

ಮೂರು ಕೆಲಸ ಮಾಡಿ ಮಲಗಿ.

ಡಬ್ಬಿ, ಬಾಟಲಿ, ಮುಚ್ಚಳ ಎಲ್ಲವನ್ನೂ ತೊಳೆದು ಬೋರಲು ಹಾಕಿ. ಬೆಳಿಗ್ಗೆ ಒಂದು ಗಂಟೆ ಬಿಸಿಲಿಗಿಡಿ. ಬಿಸಿಲು ಬಾರದ ಫ್ಲ್ಯಾಟ್ ಆದರೆ ಫ್ಯಾನ್ ಕೆಳಗೆ. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಬಿಚ್ಚಿ ಒರೆಸಿ, ನೀರು ಅಲ್ಲೇ ಅಡಗಿರುತ್ತದೆ.

ಕರಿಬೇವು ಎರಡು ಹಿಡಿ ತೊಳೆದು, ಎಲೆ ಬಿಡಿಸಿ, ಬಟ್ಟೆಯ ಮೇಲೆ ಹರಡಿ. ಒಗ್ಗರಣೆಗೆ ಹಾಕುವ ಹೊತ್ತಿಗೆ ತೊಳೆದ ಕರಿಬೇವು ಮಿಕ್ಸ್ ಒಳಗೆ ನೀರು ಸೇರುವ ಮೊದಲ ದಾರಿ.

ಹೆಸರುಕಾಳು, ಅಲಸಂದೆ ಅಥವಾ ಕಡಲೆಕಾಳು, ಯಾವುದಾದರೂ ಎರಡು ಲೋಟ ನೆನೆಹಾಕಿ. ಕಡಲೆಕಾಳಿಗೆ ಎಂಟು ಗಂಟೆಯಾದರೂ ಬೇಕು.

ಹಂತ 2: ಹುರಿಯುವ ಸರದಿ

ಭಾನುವಾರ ಬೆಳಿಗ್ಗೆ ಮೊದಲು 200 ಗ್ರಾಂ ಹುಣಸೆಹಣ್ಣನ್ನು ಬೀಜ, ನಾರು ತೆಗೆದು ಎರಡು ಲೋಟ ಕುದಿನೀರಿನಲ್ಲಿ ನೆನೆಯಲು ಬಿಡಿ. ಇನ್ನೊಂದು ಒಲೆಯಲ್ಲಿ ಕುಕ್ಕರ್ ಇಡಿ, ಅದರ ವಿವರ ಹಂತ 6ರಲ್ಲಿದೆ. ಈಗ ಬಾಣಲೆ.

ವಾಸನೆ ಕಡಿಮೆ ಇರುವುದನ್ನು ಮೊದಲು ಹುರಿಯಿರಿ. ಮೊದಲು ಗಟ್ಟಿ ಅವಲಕ್ಕಿ, ಆಮೇಲೆ ರವೆ, ಆಮೇಲೆ ಎಳ್ಳು, ಆಮೇಲೆ ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು. ಒಣಮೆಣಸಿನಕಾಯಿ ಕಟ್ಟಕಡೆಗೆ. ಸರದಿ ಉಲ್ಟಾ ಆದರೆ ಪ್ರತಿ ಸಲವೂ ಬಾಣಲೆ ತೊಳೆಯಬೇಕು, ತೊಳೆದರೆ ಒದ್ದೆ, ಒದ್ದೆಯ ಮೇಲೆ ರವೆ ಹಾಕಿದರೆ ಗಂಟು. ಮೆಣಸಿನಕಾಯಿ ಮೊದಲು ಹುರಿದವರ ಮನೆಯಲ್ಲಿ ಉಳಿದ ಅಡುಗೆ ಪೂರ್ತಿ ಕೆಮ್ಮುತ್ತಲೇ ನಡೆಯುತ್ತದೆ ಎನ್ನುವುದು ಬೇರೆ ಮಾತು.

ಎಲ್ಲವೂ ಸಣ್ಣ ಉರಿಯಲ್ಲೇ. ಹುರಿದದ್ದನ್ನು ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿದ ಮೇಲೂ ಬಾಣಲೆಯ ಕಾವಿನಲ್ಲಿ ಎಳ್ಳು, ಮೆಂತ್ಯ ಕಪ್ಪಾಗುತ್ತವೆ. ಮೆಂತ್ಯ ಕಪ್ಪಾದರೆ ಇಡೀ ಗೊಜ್ಜು ಕಹಿ. ಬೆಲ್ಲ ಎಷ್ಟು ಹಾಕಿದರೂ ಆ ಕಹಿ ಹೋಗುವುದಿಲ್ಲ.

ಹಂತ 3: ಉಪ್ಪಿಟ್ಟಿನ ಮಿಕ್ಸ್

ಅರ್ಧ ಕಿಲೋ ರವೆಗೆ ಎಣ್ಣೆ 4 ದೊಡ್ಡ ಚಮಚ, ಸಾಸಿವೆ ಒಂದೂವರೆ ಸಣ್ಣ ಚಮಚ, ಕಡಲೆಬೇಳೆ ಮತ್ತು ಉದ್ದಿನಬೇಳೆ ಎರಡೆರಡು ದೊಡ್ಡ ಚಮಚ, ಮುರಿದ ಒಣಮೆಣಸಿನಕಾಯಿ 8, ಒಂದು ಹಿಡಿ ಕರಿಬೇವು, ಒಣಶುಂಠಿ ಪುಡಿ ಅರ್ಧ ಸಣ್ಣ ಚಮಚ, ಇಂಗು, ಉಪ್ಪು ಎರಡೂವರೆ ಸಣ್ಣ ಚಮಚ, ಸಕ್ಕರೆ ಒಂದು ಸಣ್ಣ ಚಮಚ.

ರವೆಯನ್ನು ಹುರಿಯುವುದು 10ರಿಂದ 12 ನಿಮಿಷ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಸೌಟಿನಲ್ಲಿ ಎತ್ತಿ ಬಿಟ್ಟರೆ ಮರಳಿನ ಹಾಗೆ ಹಗುರಾಗಿ ಜಾರಬೇಕು, ಘಮ ಬಂದಿರಬೇಕು. ಭಾರವಾಗಿ ಬೀಳುತ್ತಿದ್ದರೆ ತೇವ ಇನ್ನೂ ಇದೆ.

ಈಗ ಒಗ್ಗರಣೆ. ಬೇಳೆಗಳು ಹೊಂಬಣ್ಣಕ್ಕೆ ಬಂದ ಮೇಲೆ ಮೆಣಸಿನಕಾಯಿ, ಕರಿಬೇವು. ಕರಿಬೇವು ಬೆರಳಲ್ಲಿ ಹಿಚುಕಿದರೆ ಪುಡಿಯಾಗುವವರೆಗೆ ಬಿಡಿ. ಮೆತ್ತಗಿನ ಕರಿಬೇವು ಡಬ್ಬಿಯಲ್ಲಿದ್ದರೆ ಬೂಸ್ಟು ಅಲ್ಲಿಂದಲೇ ಶುರು. ಹಸಿಮೆಣಸಿನಕಾಯಿ, ಹಸಿಶುಂಠಿ, ಈರುಳ್ಳಿ ಮಿಕ್ಸ್‌ಗೆ ಬೇಡವೇ ಬೇಡ. ಬೇಕಾದರೆ ಉಪ್ಪಿಟ್ಟು ಮಾಡುವ ದಿನ ಹಾಕಿ. ಕಡೆಗೆ ರವೆ, ಶುಂಠಿ ಪುಡಿ, ಉಪ್ಪು, ಸಕ್ಕರೆ ಸೇರಿಸಿ ಮೂರು ನಾಲ್ಕು ನಿಮಿಷ ಕೈಯಾಡಿಸಿ ತಟ್ಟೆಗೆ ಹರಡಿ.

ಎಣ್ಣೆ ಜಾಸ್ತಿ ಹಾಕಿದರೆ ರುಚಿ ಎಂದುಕೊಂಡು ಕೆಲವರು ಎರಡರಷ್ಟು ಸುರಿಯುತ್ತಾರೆ. ಉಪ್ಪಿಟ್ಟಿಗೆ ಸರಿ, ಮಿಕ್ಸ್‌ಗೆ ತಪ್ಪು. ಹೆಚ್ಚಿನ ಎಣ್ಣೆ ತಿಂಗಳೊಳಗೆ ಕಮಟು ಹಿಡಿಯುತ್ತದೆ. ತುಪ್ಪದ ಘಮ ಬೇಕು ಅನಿಸಿದರೆ ತಿನ್ನುವಾಗ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿಕೊಳ್ಳಿ. ತುಪ್ಪದ ಹಾಗೆ ಇರುವುದಿಲ್ಲ, ಆದರೆ ಅದರದ್ದೇ ಒಂದು ಚೆಂದ ಇದೆ.

ಹಂತ 4: ಪುಳಿಯೋಗರೆ ಗೊಜ್ಜು

ಇದಕ್ಕೆ ತಾಳ್ಮೆ ಬೇಕು. ನಾಲ್ಕರಲ್ಲಿ ಹಾಳಾಗುವುದು ಇದೇ ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಪುಡಿಗೆ: ಬ್ಯಾಡಗಿ ಮೆಣಸಿನಕಾಯಿ 25, ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಕರಿ ಎಳ್ಳು 3 ದೊಡ್ಡ ಚಮಚ, ಜೀರಿಗೆ, ಮೆಣಸು, ಮೆಂತ್ಯ ಒಂದೊಂದು ಸಣ್ಣ ಚಮಚ. ಹುರಿದು ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಳ್ಳು ಎಣ್ಣೆ ಬಿಟ್ಟು ಪುಡಿ ಅಂಟಾಗುತ್ತದೆ.

ನೆನೆದ ಹುಣಸೆಹಣ್ಣನ್ನು ಕಿವುಚಿ, ಜರಡಿಯಲ್ಲಿ ಸೋಸಿ. ರಸ ಗಟ್ಟಿಯಾಗಿರಲಿ. ಇನ್ನಷ್ಟು ನೀರು ಹಾಕಿ ಕಿವುಚಿದರೆ ಆ ನೀರನ್ನೆಲ್ಲ ಒಲೆಯ ಮೇಲೆ ಇಂಗಿಸುವವರೂ ನೀವೇ.

ಪಾತ್ರೆಯಲ್ಲಿ ಮುಕ್ಕಾಲು ಲೋಟ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಕಾಯಿಸಿ. ಸಾಸಿವೆ, ಇಂಗು, ಕರಿಬೇವು, ಅರಿಸಿನ. ಹುಣಸೆ ರಸ, 3 ದೊಡ್ಡ ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಹುಣಸೆಯ ಹಸಿ ವಾಸನೆ ಹೋಗಲು 15 ನಿಮಿಷ ಆಗುತ್ತದೆ. ಆಮೇಲೆ 150 ಗ್ರಾಂ ಬೆಲ್ಲ. ಬೆಲ್ಲ ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಗಟ್ಟಿಯಾಗುತ್ತಾ ಬಂದಾಗ ಪುಡಿ ಸೇರಿಸಿ. ಒಟ್ಟು 35ರಿಂದ 40 ನಿಮಿಷ. ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ.

ಆಗಿದೆಯೋ ಇಲ್ಲವೋ ತಿಳಿಯಲು ಎರಡು ಪರೀಕ್ಷೆ. ಅಂಚಿನಲ್ಲಿ ಎಣ್ಣೆ ಬೇರೆಯಾಗಿ ನಿಲ್ಲಬೇಕು. ತಟ್ಟೆಯ ಮೇಲೆ ಒಂದು ಚಮಚ ಗೊಜ್ಜು ಹಾಕಿ ಎರಡು ನಿಮಿಷ ಬಿಟ್ಟರೆ ಅದರ ಸುತ್ತ ನೀರು ಒಸರಬಾರದು. ಒಸರಿದರೆ ಮತ್ತೆ ಒಲೆಗೆ. ಇಲ್ಲಿ ಐದು ನಿಮಿಷ ಉಳಿಸಲು ಹೋದವರ ಗೊಜ್ಜಿಗೇ ಎರಡನೇ ವಾರ ಬಿಳಿ ಬೂಸ್ಟು ಬರುವುದು.

ಕೊಬ್ಬರಿ ತುರಿ, ಕಡಲೆಕಾಯಿ ಬೀಜ ಗೊಜ್ಜಿಗೆ ಹಾಕಬೇಡಿ. ಕೊಬ್ಬರಿ ಬೇಗ ಕಮಟುತ್ತದೆ, ಬೀಜ ಮೆತ್ತಗಾಗುತ್ತದೆ. ಅವನ್ನು ಬೇರೆ ಬಾಟಲಿಯಲ್ಲಿ ಹುರಿದಿಟ್ಟು ಕಲಸುವಾಗ ಹಾಕಿ. ಬೆಳ್ಳುಳ್ಳಿ ಅಂತೂ ಬೇಡ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿ ಹೊರಗೆ ದಿನಗಟ್ಟಲೆ ಕೂತರೆ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ವಾಸನೆಯಿಂದಲೂ ಗೊತ್ತಾಗುವುದಿಲ್ಲ.

ಹಂತ 5: ಗೊಜ್ಜವಲಕ್ಕಿಯ ತರಿ

ಹುರಿದು ಆರಿದ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ. ಉಪ್ಪಿಟ್ಟಿನ ರವೆಯ ದಪ್ಪಕ್ಕೆ ಬಂದರೆ ಸಾಕು. ಆಮೇಲೆ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ನುಣುಪು ಹಿಟ್ಟನ್ನು ಬೇರೆ ಇಡಿ, ರೊಟ್ಟಿ ಹಿಟ್ಟಿಗೋ ಪಕೋಡಕ್ಕೋ ಆಗುತ್ತದೆ. ಗೊಜ್ಜವಲಕ್ಕಿ ಮುದ್ದೆಯಾಗುವುದು ಆ ಹಿಟ್ಟಿನಿಂದಲೇ. ಪೇಪರ್ ಅವಲಕ್ಕಿಯಲ್ಲಿ ಇದು ಆಗದ ಕೆಲಸ.

ತರಿಗೆ ಮಸಾಲೆ ಏನೂ ಬೆರೆಸಬೇಡಿ. ಹಂತ 4ರ ಗೊಜ್ಜೇ ಇದಕ್ಕೂ ಸಾಕು.

ಹಂತ 6: ಫ್ರೀಜರ್‌ಗೆ ಹುಳಿ ಮತ್ತು ಕಾಳು

ಎರಡು ಲೋಟ ತೊಗರಿಬೇಳೆಗೆ ಐದು ಲೋಟ ನೀರು, ಅರಿಸಿನ. ಕುಕ್ಕರ್‌ನಲ್ಲಿ ಮೆತ್ತಗೆ ಬೇಯಲಿ. ಬೇರೆ ಪಾತ್ರೆಯಲ್ಲಿ ಬೀನ್ಸ್, ಕ್ಯಾರೆಟ್, ನುಗ್ಗೆಕಾಯಿ ಮುಕ್ಕಾಲು ಭಾಗ ಮಾತ್ರ ಬೇಯಿಸಿ, ಮಿಕ್ಕಿದ್ದು ಮತ್ತೆ ಕುದಿಸುವಾಗ ಬೇಯುತ್ತದೆ. ಹುಣಸೆ ರಸ, ಹುಳಿಪುಡಿ 4 ದೊಡ್ಡ ಚಮಚ, ಉಪ್ಪು ಹಾಕಿ ಗಟ್ಟಿಯಾಗಿ ಕುದಿಸಿ. ನೀರು ಕಡಿಮೆ ಇರಲಿ. ನೀರನ್ನು ಫ್ರೀಜ್ ಮಾಡಿ ಜಾಗ ತುಂಬಿಸುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಆಲೂಗಡ್ಡೆ ಹಾಕಬೇಡಿ, ಫ್ರೀಜರ್‌ನಿಂದ ಬಂದ ಮೇಲೆ ಸ್ಪಂಜಿನ ಹಾಗೆ ಆಗುತ್ತದೆ. ಸೌತೆಕಾಯಿ, ಸೋರೆಕಾಯಿ ನೀರಾಗುತ್ತವೆ. ತೆಂಗಿನಕಾಯಿ ರುಬ್ಬಿ ಹಾಕುವ ಅಭ್ಯಾಸ ಇದ್ದರೆ ಆ ಮಸಾಲೆಯನ್ನು ಐಸ್ ಟ್ರೇಯಲ್ಲಿ ಬೇರೆ ಗಟ್ಟಿ ಮಾಡಿಡಿ. ಒಂದು ಡಬ್ಬಿ ಹುಳಿಗೆ ಎರಡು ಗಡ್ಡೆ.

ಹುಳಿಯನ್ನು ದೊಡ್ಡ ಪಾತ್ರೆಯಲ್ಲೇ ಆರಲು ಬಿಟ್ಟರೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುತ್ತದೆ, ಹಳಸುವುದು ಆ ಹೊತ್ತಿನಲ್ಲೇ. ಅಗಲ ಪಾತ್ರೆಗೆ ಬಗ್ಗಿಸಿ, ಆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಿರಲಿ. ಡಬ್ಬಿಯಲ್ಲಿ ಮೇಲೆ ಒಂದು ಬೆರಳು ಜಾಗ ಬಿಡಿ. ಗಟ್ಟಿಯಾಗುವಾಗ ಹಿಗ್ಗುತ್ತದೆ, ಗಾಜಿನ ಬಾಟಲಿಯಾದರೆ ಒಡೆಯುತ್ತದೆ.

ಕಾಳನ್ನು ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ತಟ್ಟೆಯಲ್ಲಿ ಹರಡಿ ಒಂದು ಗಂಟೆ ಫ್ರೀಜರ್‌ನಲ್ಲಿಡಿ. ಆಮೇಲೆ ಕವರ್‌ಗೆ ತುಂಬಿ. ಹೀಗೆ ಮಾಡಿದರೆ ಬಿಡಿ ಬಿಡಿಯಾಗಿ ಇರುತ್ತದೆ, ಬೇಕಾದಷ್ಟೇ ತೆಗೆಯಬಹುದು. ಮೊಸರು, ಮಜ್ಜಿಗೆ ಬಿಟ್ಟವರ ತಟ್ಟೆಯಲ್ಲಿ ಮೊದಲು ಕಡಿಮೆಯಾಗುವುದು ಪ್ರೋಟೀನ್. ದಿನಕ್ಕೊಂದು ಹಿಡಿ ಕಾಳು ಉಸಲಿಗೋ ಉಪ್ಪಿಟ್ಟಿಗೋ ಬೀಳಲಿ. ಬಿ12 ಮಾತ್ರ ಯಾವ ಕಾಳಿನಲ್ಲೂ ಸಿಗುವುದಿಲ್ಲ. ಹಾಲು ಪೂರ್ತಿ ಬಿಟ್ಟವರು ಡಾಕ್ಟರ್ ಹತ್ತಿರ ಕೇಳಿ ಮಾತ್ರೆ ತೆಗೆದುಕೊಳ್ಳಬೇಕು.

ಹಂತ 7: ಡಬ್ಬಿಗೆ ತುಂಬುವುದು

ಎಲ್ಲ ಸರಿಯಾಗಿ ಮಾಡಿ ಇಲ್ಲಿ ಕೆಡಿಸಿಕೊಳ್ಳುವವರೇ ಹೆಚ್ಚು. ನಾನು ಒಮ್ಮೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಉಪ್ಪಿಟ್ಟಿನ ಮಿಕ್ಸನ್ನು ಬಿಸಿಬಿಸಿಯಾಗೇ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಿದೆ. ನಾಲ್ಕು ದಿನ ಬಿಟ್ಟು ಬಂದು ತೆಗೆದರೆ ಮೇಲೆ ಅಂಗೈ ಅಗಲದ ಹೆಂಟೆ, ಅದರ ಮೇಲೆ ಹಸಿರು ಚುಕ್ಕೆ. ಕೆಳಗಿನದ್ದು ಚೆನ್ನಾಗಿದೆ ಅಂತ ಮನಸ್ಸು ಹೇಳುತ್ತದೆ. ಕೇಳಬೇಡಿ, ಪೂರ್ತಿ ಎಸೆಯಿರಿ.

ಮಿಕ್ಸ್ ಮತ್ತು ತರಿ ಕನಿಷ್ಠ ಒಂದು ಗಂಟೆ ತಟ್ಟೆಯಲ್ಲಿ ಆರಲಿ. ಮೇಲೆ ಮುಟ್ಟಿ ನೋಡಿದರೆ ಸಾಲದು, ರಾಶಿಯ ಒಳಗೆ ಬೆರಳು ತೂರಿಸಿ ನೋಡಿ. ಗೊಜ್ಜಿಗೆ ಮೂರು ಗಂಟೆಯಾದರೂ ಬೇಕು. ತುಂಬಿದ ಅರ್ಧ ಗಂಟೆಯ ಮೇಲೆ ಮುಚ್ಚಳದ ಒಳಭಾಗ ನೋಡಿ. ಒಂದು ಹನಿ ಬೆವರಿದ್ದರೂ ಎಲ್ಲವನ್ನೂ ವಾಪಸ್ ತಟ್ಟೆಗೆ ಸುರಿದು ಆರಿಸಿ.

ಗೊಜ್ಜಿನ ಮೇಲೆ ಎಣ್ಣೆ ತೆಳುವಾಗಿ ನಿಂತಿರಲಿ, ಇಲ್ಲದಿದ್ದರೆ ಕಾಯಿಸಿ ಆರಿಸಿದ ಎಣ್ಣೆ ಎರಡು ಚಮಚ ಹಾಕಿ. ಹೊರಗೆ ಒಂದು ತಿಂಗಳು, ಫ್ರಿಜ್‌ನಲ್ಲಿ ಮೂರು ತಿಂಗಳು ಬರುತ್ತದೆ. ಉಪ್ಪಿಟ್ಟಿನ ಮಿಕ್ಸ್ ಹೊರಗೆ ಒಂದು ತಿಂಗಳು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ, ಎರಡನ್ನೂ ಸುಮ್ನೆ ಫ್ರಿಜ್‌ಗೆ ಸೇರಿಸಿ. ಫ್ರೀಜರ್‌ನ ಹುಳಿ ಎರಡು ತಿಂಗಳೊಳಗೆ ಖಾಲಿಯಾಗಲಿ. ಬಾಟಲಿಗೆ ಹಾಕುವ ಚಮಚ ಒಣಗಿರಬೇಕು ಎಂದು ಮನೆಯವರಿಗೆಲ್ಲ ಹೇಳಿ. ಒಂದು ಸಲ ಅಲ್ಲ, ಹತ್ತು ಸಲ.

ಕೆಲಸದ ದಿನ ಬೆಳಿಗ್ಗೆ

ಉಪ್ಪಿಟ್ಟು: ಒಂದು ಲೋಟ ಮಿಕ್ಸ್‌ಗೆ ಎರಡೂವರೆ ಲೋಟ ನೀರು, ಬನ್ಸಿ ರವೆಯಾದರೆ ಮೂರು. ನೀರು ತಳಮಳ ಕುದಿಯುವಾಗ ಒಂದು ಕೈಯಲ್ಲಿ ಮಿಕ್ಸ್ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿ. ಕುದಿ ಬರುವ ಮೊದಲೇ ಸುರಿದರೆ ಗಂಟು ಗ್ಯಾರಂಟಿ. ಮುಚ್ಚಿ ನಾಲ್ಕು ನಿಮಿಷ, ಇಳಿಸಿ ನಿಂಬೆರಸ.

ಗೊಜ್ಜವಲಕ್ಕಿ: ಒಂದು ಲೋಟ ತರಿಗೆ ಮುಕ್ಕಾಲು ಲೋಟ ನೀರು. ಎರಡು ದೊಡ್ಡ ಚಮಚ ಗೊಜ್ಜನ್ನು ಆ ನೀರಿನಲ್ಲಿ ಕದಡಿ, ತರಿಗೆ ಹಾಕಿ ಕಲಸಿ ಮುಚ್ಚಿಡಿ. ಸ್ನಾನ ಮುಗಿಸಿ ಬರುವ ಹೊತ್ತಿಗೆ ನೆನೆದಿರುತ್ತದೆ. ಬೆರಳಲ್ಲಿ ಉದುರಿಸಿ, ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ ಸೇರಿಸಿ. ಒಲೆಯೇ ಬೇಕಿಲ್ಲ. ಆಫೀಸಿನಲ್ಲೂ ಮಾಡಬಹುದು.

ಪುಳಿಯೋಗರೆ: ಆರಿದ ಅನ್ನ ಒಂದು ಲೋಟಕ್ಕೆ ಒಂದು ದೊಡ್ಡ ಚಮಚ ಗೊಜ್ಜು. ಇಲ್ಲಿ ಒಂದು ಎಚ್ಚರಿಕೆ. ರಾತ್ರಿಯ ಅನ್ನವನ್ನು ಹೊರಗೇ ಬಿಟ್ಟು ಬೆಳಿಗ್ಗೆ ಕಲಸುವುದು ನಮ್ಮಲ್ಲಿ ರೂಢಿ. ಅನ್ನ ಬೆಂದ ಮೇಲೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬದುಕಿರುತ್ತದೆ. ಸೆಕೆಯಲ್ಲಿ ಅದು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಉಳಿದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗಿಡಿ.

ಹುಳಿ: ಅರ್ಧ ಲೋಟ ನೀರು ಕುದಿಸಿ, ಗಡ್ಡೆಯನ್ನೇ ಅದಕ್ಕೆ ಇಳಿಸಿ. ಮುಚ್ಚಿ, ಪೂರ್ತಿ ಕರಗಿ ಎರಡು ನಿಮಿಷ ಚೆನ್ನಾಗಿ ಕುದಿಯಲಿ. ಗಟ್ಟಿ ಅನಿಸಿದರೆ ಇನ್ನಷ್ಟು ಬಿಸಿನೀರು. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಇದ್ಯಾವುದೂ ಆಗದ ದಿನಕ್ಕೆ ಉತ್ತರ ಕರ್ನಾಟಕದವರ ಉತ್ತರ ಇದೆ: ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ. ಚಟ್ನಿಪುಡಿಗೆ ಮೊಸರಿನ ಬದಲು ಹಸಿ ಎಣ್ಣೆ ಕಲಸಿಕೊಳ್ಳಿ. ನನ್ನ ಪ್ರಕಾರ ಯಾವ ರೆಡಿಮೇಡ್ ಪ್ಯಾಕೆಟ್ಟೂ ಇದಕ್ಕೆ ಸಮ ಇಲ್ಲ.

ಪ್ಯಾಕೆಟ್ ಕೊಳ್ಳುವುದೇ ಆದರೆ

ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಅದು ಸಸ್ಯಾಹಾರ ಎನ್ನುತ್ತದೆ, ಹಾಲು ತುಪ್ಪ ಅದರೊಳಗೇ ಬರುತ್ತದೆ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆ ನಿಯಮ ತಂದಿದೆ, ಅದರ ಗುರುತು ಎಲೆ ಇರುವ ಹಸಿರು 'ವಿ' ಅಕ್ಷರ. ಆ ಗುರುತು ಇಲ್ಲದ ಪ್ಯಾಕೆಟ್ಟಿನಲ್ಲೂ ಹಾಲು ಇಲ್ಲದಿರಬಹುದು, ಹಾಗಾಗಿ ಹಿಂಭಾಗ ಓದಲೇಬೇಕು.

ಮೊದಲು ಅಲರ್ಜಿ ಸೂಚನೆಯ ಸಾಲು ನೋಡಿ. ಹಾಲು ಸೇರಿದ್ದರೆ ಅಲ್ಲಿ ಹೇಳಲೇಬೇಕು. ಆಮೇಲೆ ಪದಾರ್ಥಗಳ ಪಟ್ಟಿ: ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನೇಟ್, ಲ್ಯಾಕ್ಟೋಸ್, ಬಟರ್, ಘೀ, ಹನಿ (ಜೇನು). ಬಿಸಿಬೇಳೆಬಾತ್, ಖಾರಾಬಾತ್, ಪೊಂಗಲ್ ಪ್ಯಾಕೆಟ್‌ಗಳಲ್ಲಿ ತುಪ್ಪ ಇದೆಯೇ ಎಂದು ವಿಶೇಷವಾಗಿ ಹುಡುಕಿ. ರವೆ ಇಡ್ಲಿ ಮಿಕ್ಸ್‌ನದು ಬೇರೆ ಕಥೆ: ಪುಡಿಯಲ್ಲಿ ಹಾಲು ಇಲ್ಲದಿದ್ದರೂ ಮಾಡುವಾಗ ಮೊಸರು ಕಲಸಲು ಹೇಳಿರುತ್ತಾರೆ. ಅದರ ಬದಲು ನೀರಿಗೆ ಎರಡು ಸಣ್ಣ ಚಮಚ ನಿಂಬೆರಸ ಹಾಕಿ ಕಲಸಿ. ಹುಳಿ ಇಲ್ಲದೆ ಬರೀ ನೀರಿನಲ್ಲಿ ಕಲಸಿದರೆ ಸೋಡಾ ಸರಿಯಾಗಿ ಉಬ್ಬುವುದಿಲ್ಲ, ಇಡ್ಲಿ ಗಟ್ಟಿಯಾಗುತ್ತದೆ.

ಬಿಸಿ ಮಾಡಿ ತಿನ್ನುವ ಪೌಚ್ ಹೊರಗೆ ಇಟ್ಟರೂ ಕೆಡದಿರುವುದು ಸೀಲ್ ಮಾಡಿದ ಮೇಲೆ ಒತ್ತಡದಲ್ಲಿ, ಕುದಿನೀರಿಗಿಂತ ಹೆಚ್ಚಿನ ಶಾಖದಲ್ಲಿ ಬೇಯಿಸುವುದರಿಂದ. ಪೌಚ್ ಉಬ್ಬಿದ್ದರೆ, ಮಡಿಕೆಯಲ್ಲಿ ಸೋರಿದ್ದರೆ ವಾಪಸ್ ಇಡಿ. ತೆರೆದ ಮೇಲೆ ಉಳಿದದ್ದು ಫ್ರಿಜ್‌ಗೆ, ಮರುದಿನ ಖಾಲಿ.

ಎಸೆಯಬೇಕಾದ ಸೂಚನೆಗಳು

ರವೆಯಲ್ಲಿ ನೂಲಿನಂಥ ಜಾಲ ಕಂಡರೆ ಹುಳ ಬಿದ್ದಿದೆ. ಕಡಲೆಕಾಯಿ ಎಣ್ಣೆ ಹಾಕಿದ ಮಿಕ್ಸ್ ಹಳೆಯ ಬಣ್ಣದ ಡಬ್ಬಿಯ ಹಾಗೆ ನಾತ ಬಂದರೆ ಕಮಟು ಹಿಡಿದಿದೆ. ಗೊಜ್ಜಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಮುಚ್ಚಳ ತೆಗೆದಾಗ ಗಾಳಿ ಬುಸ್ ಎಂದರೆ, ಹುಳಿ ಬರಲು ಶುರುವಾಗಿದೆ. ಮೇಲಿನ ಬೂಸ್ಟು ಕೆತ್ತಿ ಕೆಳಗಿನದ್ದು ಬಳಸುವ ಅಭ್ಯಾಸ ಬಿಡಿ, ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತದೆ.

ಫ್ರೀಜರ್‌ಗೆ ಇನ್ನೊಂದು ಪರೀಕ್ಷೆ ಬೇಕು, ಯಾಕೆಂದರೆ ನೀವು ಊರಲ್ಲಿಲ್ಲದಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತೋ ಯಾರಿಗೆ ಗೊತ್ತು. ಒಂದು ಸಣ್ಣ ಬಟ್ಟಲಲ್ಲಿ ನೀರು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಹುಳಿ ಬಿಸಿ ಮಾಡಿ. ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಆರೂ ಡಬ್ಬಿ ಖಾಲಿ ಮಾಡಿ, ಅವತ್ತಿಗೆ ಉಪ್ಪಿಟ್ಟು ಮಾಡಿಕೊಳ್ಳಿ.